ಪೀಠತ್ಯಾಗ ವಿಚಾರ

ಅಧಿಕಾರವನ್ನು ಸ್ವೀಕರಿಸುವ ವಿಧಿಯನ್ನು ಲೋಕದ ಶಾಸ್ತ್ರಗಳು ವಿಸ್ತಾರವಾಗಿ ಹೇಳಿರುವುವು. ಅದನ್ನು ಬಿಡುವ ವಿಧಿಯನ್ನು ಹೇಳಿರುವುದು ಅಪೂರ್ವ. ಪಟ್ಟಾಭಿಷೇಕಕ್ಕೆ ಮುಹೂರ್ತವುಂಟು, ಮಂತ್ರವುಂಟು, ಮಂಗಳವಾದ್ಯವುಂಟು. ಪಟ್ಟದಿಂದ ಇಳಿಯುವವನಿಗೆ ಇವು ಯಾವುವೂ ಇಲ್ಲ. ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಸೊಸೆಯು ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಒದೆದು ಒಳಕ್ಕೆ ಬರುವುದಕ್ಕೆ ಶುಭದಿನವನ್ನು ನೋಡುವೆವು. ಅತ್ತೆಯು ಉಗ್ರಾಣದ ಬೀಗದ ಕೈಯನ್ನು ಆಕೆಗೆ ಒಪ್ಪಿಸತಕ್ಕ ದಿನವನ್ನು ಮಾತ್ರ ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ. ಆ ದಿನವನ್ನು ಆಕೆಯೇ ಕಂಡುಕೊಳ್ಳಬೇಕು. ಕಂಡುಕೊಳ್ಳದಿದ್ದರೆ ಯಮಧರ್ಮನು ಕಂಡುಕೊಳ್ಳುವನು.

ಆದುದರಿಂದ ೨೦೧೩ನೆಯ ಇಸವಿ ಫೆಬ್ರವರಿ ೧೧ರಂದು ರೋಮ್ ನಗರದಲ್ಲಿ ನಡೆದ ಒಂದು ಸಂಗತಿಯು, ನಡೆದು ಹನ್ನೆರಡು ವರುಷಗಳ ಮೇಲಾದರೂ, ಗೃಹಸ್ಥರ ವಿಚಾರಕ್ಕೆ ಅರ್ಹವಾಗಿಯೇ ಉಳಿದಿರುವುದು. ಆ ದಿನ ಬೆಳಗ್ಗೆ ಕಥೋಲಿಕ ಧರ್ಮಸಭೆಯ ಕಾರ್ಡಿನಲರು ವ್ಯಾಟಿಕನ್ ಅರಮನೆಯಲ್ಲಿ ನೆರೆದಿದ್ದರು. ೧೪೮೦ರಲ್ಲಿ ತುರ್ಕರಿಂದ ಹತರಾದ ಒತ್ರಾಂತೊ ಪಟ್ಟಣದ ಸುಮಾರು ಎಂಟು ನೂರು ಮಂದಿಯನ್ನೂ ಇಬ್ಬರು ಸಂನ್ಯಾಸಿನಿಯರನ್ನೂ ಸಂತರ ಪಂಕ್ತಿಗೆ ಸೇರಿಸುವ ವಿಷಯವೇ ಅಂದಿನ ಕಾರ್ಯ. ಅದು ಮುಗಿದ ತರುವಾಯ ಎಂಬತ್ತೈದು ವರುಷದ ಪೋಪ್ ಹದಿನಾರನೆಯ ಬೆನೆಡಿಕ್ಟರು ಕುಳಿತಲ್ಲಿಯೇ ಒಂದು ಕಾಗದವನ್ನು ಹಿಡಿದು ಲ್ಯಾಟಿನ್ ಭಾಷೆಯಲ್ಲಿ ಮೆಲ್ಲನೆ ಓದಿದರು. ದೇಹದ ಬಲವೂ ಮನಸ್ಸಿನ ಬಲವೂ ಕೆಲವು ತಿಂಗಳುಗಳಿಂದ ಕುಗ್ಗಿರುವುವೆಂದೂ, ಶೀಘ್ರವಾಗಿ ಬದಲಾಗುತ್ತಿರುವ ಈ ಲೋಕದಲ್ಲಿ ಪೇತ್ರನ ನಾವೆಯನ್ನು ನಡೆಸಲು ಅಷ್ಟು ಬಲವು ಬೇಕೆಂದೂ, ಆದಕಾರಣ ತಾವು ಪೂರ್ಣ ಸ್ವಾತಂತ್ರ್ಯದಿಂದ ಆ ಸೇವೆಯನ್ನು ಬಿಡುತ್ತಿರುವುದಾಗಿಯೂ, ಫೆಬ್ರವರಿ ೨೮ರ ರಾತ್ರಿ ಎಂಟು ಘಂಟೆಯಿಂದ ಪೀಠವು ಶೂನ್ಯವಾಗುವುದಾಗಿಯೂ ಅದರ ತಾತ್ಪರ್ಯ. ಅಲ್ಲಿದ್ದ ಪತ್ರಿಕೆಯವರಿಗೆ ಇದು ಕೂಡಲೆ ತಿಳಿಯಲಿಲ್ಲ. ಇಟಲಿಯ ಅನ್ಸಾ ವಾರ್ತಾಸಂಸ್ಥೆಯ ಜೊವಾನ್ನ ಕಿರ್ರಿ ಎಂಬ ಮಹಿಳೆಯು ಮಾತ್ರ ಲ್ಯಾಟಿನ್ ಬಲ್ಲವರಾದುದರಿಂದ ಕೇಳುತ್ತಲೇ ಅರ್ಥಮಾಡಿಕೊಂಡು ಲೋಕಕ್ಕೆಲ್ಲ ಸುದ್ದಿಯನ್ನು ಮುಟ್ಟಿಸಿದರು. ಹಳೆಯ ಭಾಷೆಗಳನ್ನು ಕಲಿತು ಪ್ರಯೋಜನವೇನೆಂದು ಕೇಳುವ ಹುಡುಗರಿಗೆ ಈ ವೃತ್ತಾಂತವನ್ನು ಹೇಳಬಹುದು.

ಆ ಸಾಯಂಕಾಲ ಸಂತ ಪೇತ್ರನ ದೇವಾಲಯದ ಗುಮ್ಮಟಕ್ಕೆ ಸಿಡಿಲು ಬಡಿಯಿತು. ಅದರ ಛಾಯಾಚಿತ್ರವು ದೇಶದೇಶಗಳಲ್ಲಿ ಪ್ರಕಟವಾಯಿತು. ಇದನ್ನು ಉತ್ಪಾತವೆಂದು ಎಣಿಸಿದವರು ಹಲವರು. ಎತ್ತರವಾದ ಗುಮ್ಮಟಕ್ಕೆ ಸಿಡಿಲು ಬಡಿಯುವುದು ಪ್ರಕೃತಿಸಹಜವಾದ ಕಾರಣ ನಾವು ಅದನ್ನು ಇಲ್ಲಿಗೆ ಬಿಡುವೆವು. ಭಕ್ತಜನರ ಎದೆಗೆ ಬಡಿದ ಸಿಡಿಲು ಬೇರೆ. ಅದನ್ನು ಕುರಿತು ಆಲೋಚಿಸತಕ್ಕದ್ದುಂಟು.

ಕಥೋಲಿಕರಲ್ಲಿ ಸಂಪ್ರದಾಯನಿಷ್ಠರೆಂಬ ಒಂದು ವರ್ಗವುಂಟು. ೧೫೭೦ರಲ್ಲಿ ಐದನೆಯ ಪಿಯುಸ್ ಪೋಪರು ವ್ಯವಸ್ಥೆಗೊಳಿಸಿದ ಲ್ಯಾಟಿನ್ ಪೂಜಾವಿಧಿಯಲ್ಲಿಯೂ, ಹಿಂದಿನವರು ಆಚರಿಸುತ್ತಿದ್ದ ಉಪವಾಸ, ಹಬ್ಬ, ಮೌನ, ಮೊಣಕಾಲೂರಿ ಪ್ರಸಾದವನ್ನು ಸ್ವೀಕರಿಸುವ ರೀತಿ, ಇವುಗಳಲ್ಲಿಯೂ ಇವರಿಗೆ ಗಾಢವಾದ ಪ್ರೀತಿ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, ೧೯೬೯ರಲ್ಲಿ ಆರನೆಯ ಪೌಲರು ಹೊಸ ಪೂಜಾವಿಧಿಯನ್ನು ವಿಧಿಸಿದಾಗ, ಇವರು ತಮ್ಮ ಪಿತ್ರಾರ್ಜಿತವು ಕೈತಪ್ಪಿತೆಂದು ದುಃಖಪಟ್ಟರು. ಬೆನೆಡಿಕ್ಟರು ೨೦೦೭ರ ಜುಲೈ ೭ರಂದು ಒಂದು ಶಾಸನವನ್ನು ಹೊರಡಿಸಿ, ಹಳೆಯ ವಿಧಿಯು ಎಂದೂ ರದ್ದಾದುದಲ್ಲವೆಂದೂ, ಬೇಕಾದ ಯಾಜಕರು ಅದರಂತೆ ದಿವ್ಯಬಲಿಪೂಜೆಯನ್ನು ಅರ್ಪಿಸಬಹುದೆಂದೂ ಸಾರಿದರು. ಕಳೆದುಹೋದ ಮನೆಯು ಮರಳಿ ದೊರೆತವರಂತೆ ಇವರು ಹಿಗ್ಗಿದರು. ಆರು ವರುಷಗಳೊಳಗಾಗಿ ಮನೆಯನ್ನು ಕೊಡಿಸಿದ ಯಜಮಾನನೇ ಎದ್ದು ಹೊರಟನು. ಇವರ ಸಂಕಟವು ಉಳಿದವರ ಸಂಕಟಕ್ಕಿಂತ ಹೆಚ್ಚಾದುದು ಆಶ್ಚರ್ಯವಲ್ಲ. ಇವರು ಎತ್ತಿದ ಆಕ್ಷೇಪಗಳನ್ನು ನಾವು ಪೂರ್ವಪಕ್ಷವಾಗಿಟ್ಟುಕೊಂಡು ಒಂದೊಂದಾಗಿ ನೋಡುವೆವು. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳದೆ ಖಂಡಿಸುವುದು ವಿದ್ವಲ್ಲಕ್ಷಣವಲ್ಲ.

ಮೊದಲನೆಯ ಆಕ್ಷೇಪವಿದು. ಪೋಪ್ ಎಂಬ ಪದಕ್ಕೆ ತಂದೆಯೆಂದು ಅರ್ಥ. ತಂದೆತನಕ್ಕೆ ರಾಜೀನಾಮೆಯುಂಟೆ? ಕೈಲಾಗದ ತಂದೆಯೂ ತಂದೆಯೇ. ಹಾಸಿಗೆ ಹಿಡಿದ ತಂದೆಯೂ ತಂದೆಯೇ. ಅಲ್ಲದೆ ಧರ್ಮಾಧ್ಯಕ್ಷನಿಗೂ ಅವನ ಸಭೆಗೂ ಇರುವ ಸಂಬಂಧವು ವಿವಾಹಕ್ಕೆ ಸಮಾನವೆಂದು ಅವರ ಹಳೆಯ ಧರ್ಮಶಾಸ್ತ್ರಜ್ಞರು ಹೇಳಿರುವರು. ಬೆರಳಿನ ಉಂಗುರವು ಅದಕ್ಕೆ ಗುರುತು. ವಯಸ್ಸಾಯಿತೆಂದು ಪಾಣಿಗ್ರಹಣವನ್ನು ಬಿಡಿಸಿಕೊಳ್ಳುವುದುಂಟೆ?

ಎರಡನೆಯದು ಇನ್ನೂ ಮರ್ಮಸ್ಪರ್ಶಿಯಾದುದು. ಬೆನೆಡಿಕ್ಟರಿಗೆ ಹಿಂದಿನವರಾದ ಎರಡನೆಯ ಯೋವಾನ್ನ ಪೌಲರು ಕಂಪವಾತದಿಂದ ನರಳುತ್ತ, ಕೊನೆಕೊನೆಗೆ ಮಾತು ಹೊರಡದಿದ್ದರೂ ಕಿಟಕಿಯ ಬಳಿಗೆ ಬಂದು ಕೈಯೆತ್ತಿ ಹರಸುತ್ತ, ೨೦೦೫ರ ಏಪ್ರಿಲ್ ೨ರಂದು ಪೀಠದಲ್ಲಿರುವಾಗಲೇ ಕಾಲವಾದರು. ಯೇಸುಸ್ವಾಮಿಯು ಶಿಲುಬೆಯಿಂದ ಇಳಿದು ಬರಲಿಲ್ಲವೆಂಬ ಮಾತನ್ನು ಆ ಪೋಪರ ಆಪ್ತರು ನೆನೆಯುತ್ತಿದ್ದರು. ಒಬ್ಬರು ಇಳಿಯದೆ ಇದ್ದ ಮೇಲೆ ಮತ್ತೊಬ್ಬರು ಇಳಿಯಬಹುದೆ?

ಮೂರನೆಯದು ರಾಜನೀತಿಯ ಆಕ್ಷೇಪ. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಬಲವಾದುದು ಇದೇ. ಮರಣಪರ್ಯಂತ ಪೀಠವೆಂಬ ನಿಯಮವು ಪೋಪರಿಗೆ ಕವಚದಂತಿತ್ತು. ಒಬ್ಬರು ಒಮ್ಮೆ ಇಳಿದರೆ, ಮುಂದಿನವರನ್ನು ಇಳಿಸಲು ಪಕ್ಷಗಳು ಹುಟ್ಟುವುವು, ಪತ್ರಿಕೆಗಳು ಕೂಗುವುವು. ಮುದುಕರಾದ ಪ್ರತಿಯೊಬ್ಬರನ್ನೂ ಎಂದು ಬಿಡುವಿರಿ ಎಂದು ಕೇಳುವರು. ತ್ಯಾಗವಾಗಿ ಮೊದಲಾದುದು ಕಡೆಗೆ ನಿರ್ಬಂಧವಾಗಿ ನಿಲ್ಲುವುದು.

ಈ ಆಕ್ಷೇಪಗಳಿಗೆ ಉತ್ತರವನ್ನು ಹುಡುಕುವವರು ಮೊದಲು ಇತಿಹಾಸವನ್ನು ನೋಡತಕ್ಕದ್ದು. ಸಂಪ್ರದಾಯವೆಂದರೆ ನಮ್ಮ ಅಜ್ಜನ ಕಾಲದ ರೂಢಿಯಷ್ಟೇ ಅಲ್ಲ; ಅದಕ್ಕೆ ಹಿಂದಿನದೂ ಸಂಪ್ರದಾಯವೇ.

೧೨೯೨ರಲ್ಲಿ ನಾಲ್ಕನೆಯ ನಿಕೊಲಸ್ ಪೋಪರು ತೀರಿಕೊಂಡ ಮೇಲೆ ಕಾರ್ಡಿನಲರಲ್ಲಿ ಒಮ್ಮತವುಂಟಾಗದೆ ಎರಡು ವರುಷಗಳಿಗೂ ಹೆಚ್ಚಾಗಿ ಪೀಠವು ಬರಿದಾಗಿತ್ತು. ಕಟ್ಟಕಡೆಗೆ ೧೨೯೪ರ ಜುಲೈ ೫ರಂದು ಅವರು ಮೊರ್ರೋನೆ ಬೆಟ್ಟದ ಗುಹೆಯಲ್ಲಿ ತಪಸ್ಸು ಮಾಡುತ್ತಿದ್ದ ಪಿಯೆತ್ರೊ ಎಂಬ ವೃದ್ಧ ಸಂನ್ಯಾಸಿಯನ್ನು ಆರಿಸಿದರು. ಆತನು ಐದನೆಯ ಸೆಲೆಸ್ಟೈನ್ ಎಂಬ ಹೆಸರಿನಿಂದ ಲಾಕ್ವಿಲಾ ಪಟ್ಟಣದಲ್ಲಿ ಅಭಿಷಿಕ್ತನಾದನು. ಸಾಧುವಾದರೂ ರಾಜ್ಯತಂತ್ರವನ್ನರಿಯದವನು, ನೇಪಲ್ಸಿನ ರಾಜನು ತನಗೆ ಬೇಕಾದುದನ್ನೆಲ್ಲ ಆತನಿಂದ ಮಾಡಿಸಿಕೊಂಡನು. ಅರಮನೆಯೊಳಗೇ ಮರದ ಒಂದು ಸಣ್ಣ ಕೋಣೆಯನ್ನು ಕಟ್ಟಿಸಿಕೊಂಡು ಆತನು ಅದರಲ್ಲಿ ಅಡಗಿ ಪ್ರಾರ್ಥಿಸುತ್ತಿದ್ದನೆಂದು ಚರಿತ್ರಕಾರರು ಬರೆದಿರುವರು. ಡಿಸೆಂಬರ್ ೧೩ರಂದು ಆತನು ತಾನಾಗಿ ಪೀಠದಿಂದ ಇಳಿದನು. ಬೆಟ್ಟಕ್ಕೆ ಹಿಂದಿರುಗಬೇಕೆಂಬ ಆತನ ಆಸೆ ಕೈಗೂಡಲಿಲ್ಲ. ಮುಂದೆ ಬಂದ ಎಂಟನೆಯ ಬೊನಿಫೇಸನು, ಈತನ ಹೆಸರನ್ನು ಹಿಡಿದು ಯಾರಾದರೂ ದಂಗೆಯೆದ್ದಾರೆಂದು ಭಯಪಟ್ಟು, ಫುಮೋನೆ ಕೋಟೆಯಲ್ಲಿ ಸೆರೆಯಿಟ್ಟನು. ಅಲ್ಲಿಯೇ ೧೨೯೬ರ ಮೇ ೧೯ರಂದು ಆತನು ಕಾಲವಾದನು. ೧೩೧೩ರಲ್ಲಿ ಸಂತನೆಂದು ಘೋಷಿತನಾದನು.

ಈ ಒಂದು ತ್ಯಾಗವನ್ನು ಕುರಿತು ಇಟಲಿಯ ಇಬ್ಬರು ಮಹಾಕವಿಗಳು ಎರಡು ತೀರ್ಪುಗಳನ್ನು ಕೊಟ್ಟಿರುವುದು ಗಮನಾರ್ಹ. ದಾಂತೆಯು ತನ್ನ ಮಹಾಕಾವ್ಯದಲ್ಲಿ ನರಕದ ಬಾಗಿಲಲ್ಲಿಯೇ, ಹೇಡಿತನದಿಂದ ಮಹತ್ತಾದುದನ್ನು ನಿರಾಕರಿಸಿದ ಒಬ್ಬನನ್ನು ಹೆಸರು ಹೇಳದೆ ನಿಲ್ಲಿಸಿದ್ದಾನೆ. ಅವನು ಸೆಲೆಸ್ಟೈನನೇ ಎಂದು ಬಹು ವ್ಯಾಖ್ಯಾನಕಾರರ ಮತ. ಒಂದು ತಲೆಮಾರಿನ ಮೇಲೆ ಬಂದ ಪೆಟ್ರಾರ್ಕನು ಏಕಾಂತವಾಸವನ್ನು ಹೊಗಳುವ ತನ್ನ ಗ್ರಂಥದಲ್ಲಿ ಅದೇ ತ್ಯಾಗವನ್ನು ಬಂಧಮುಕ್ತವಾದ ಆತ್ಮದ ಕಾರ್ಯವೆಂದು ಕೊಂಡಾಡಿದ್ದಾನೆ. ಒಂದೇ ಬಾಗಿಲಿನಿಂದ ಹೇಡಿಯೂ ಹೊರಡಬಹುದು, ಧೀರನೂ ಹೊರಡಬಹುದು. ಹೊರಟವನ ಮನಸ್ಸನ್ನು ಅಳೆಯದೆ ಬಾಗಿಲನ್ನು ದೂಷಿಸಿ ಫಲವಿಲ್ಲ.

ಅಂದಿಗೇ ಈ ವಿವಾದವೂ ಹುಟ್ಟಿತು. ೧೨೯೭ರಲ್ಲಿ ಕೊಲೊನ್ನಾ ಮನೆತನದ ಇಬ್ಬರು ಕಾರ್ಡಿನಲರು, ಪೋಪರು ಪೀಠವನ್ನು ಬಿಡಲು ಶಕ್ತರೇ ಅಲ್ಲವೆಂದೂ, ಆದುದರಿಂದ ಬೊನಿಫೇಸನು ಪೋಪನೇ ಅಲ್ಲವೆಂದೂ ಸಾರಿದರು. ರೋಮಿನ ಈಜೀಡಿಯುಸ್ ಎಂಬ ಪಂಡಿತನು ಇದನ್ನು ಖಂಡಿಸಲು ಒಂದು ಗ್ರಂಥವನ್ನೇ ರಚಿಸಿದನು. ಪೋಪರು ಸ್ವೇಚ್ಛೆಯಿಂದ ಪೀಠವನ್ನು ಬಿಡಬಹುದೆಂಬ ನಿಯಮವನ್ನು ಬೊನಿಫೇಸನು ೧೨೯೮ರಲ್ಲಿ ಧರ್ಮಶಾಸನಗ್ರಂಥದಲ್ಲಿ ಸೇರಿಸಿದನು. ೧೯೧೭ರ ಸಂಹಿತೆಯಲ್ಲಿಯೂ ೧೯೮೩ರ ಸಂಹಿತೆಯಲ್ಲಿಯೂ ಅದು ಉಳಿದು ಬಂದಿದೆ. ಇಂದಿನ ಸಂಹಿತೆಯ ೩೩೨ನೆಯ ಸೂತ್ರದ ಎರಡನೆಯ ಭಾಗವು ಹೇಳುವುದಿಷ್ಟೆ: ತ್ಯಾಗವು ಸ್ವತಂತ್ರವಾಗಿರಬೇಕು, ಯಥಾವಿಧಿಯಾಗಿ ಪ್ರಕಟವಾಗಬೇಕು, ಅದನ್ನು ಯಾರೂ ಅಂಗೀಕರಿಸಬೇಕಾದುದಿಲ್ಲ.

ಇನ್ನು ೧೪೧೫. ಆಗ ಪೋಪರೆಂದು ಹೇಳಿಕೊಳ್ಳುವವರು ಒಬ್ಬರಲ್ಲ, ಮೂವರು. ಕಾನ್‌ಸ್ಟನ್ಸ್ ಪಟ್ಟಣದ ಮಹಾಸಭೆಯು ಈ ಒಡಕನ್ನು ಕೂಡಿಸಲು ಯತ್ನಿಸುತ್ತಿರುವಲ್ಲಿ, ರೋಮಿನ ಪರಂಪರೆಯ ಹನ್ನೆರಡನೆಯ ಗ್ರೆಗೊರಿಯು ಜುಲೈ ೪ರಂದು ಪ್ರತಿನಿಧಿಯ ಮೂಲಕ ತನ್ನ ತ್ಯಾಗವನ್ನು ಓದಿಸಿದನು. ಉಳಿದಿಬ್ಬರನ್ನು ಸಭೆಯು ಪದಚ್ಯುತಗೊಳಿಸಿತು. ೧೪೧೭ರ ನವೆಂಬರಿನಲ್ಲಿ ಐದನೆಯ ಮಾರ್ಟಿನನ ಆಯ್ಕೆಯಾಗಿ ಮನೆಯು ಒಂದಾಯಿತು. ಅಲ್ಲಿಂದ ಬೆನೆಡಿಕ್ಟರವರೆಗೆ ಐನೂರ ತೊಂಬತ್ತೆಂಟು ವರುಷಗಳ ಕಾಲ ಯಾರೂ ಇಳಿಯಲಿಲ್ಲ. ಇಷ್ಟು ದೀರ್ಘಕಾಲ ತೆರೆಯದ ಬಾಗಿಲನ್ನು ಜನರು ಗೋಡೆಯೆಂದೇ ತಿಳಿದುಕೊಂಡಿದ್ದರು.

ಈಗ ಉತ್ತರಗಳಿಗೆ ಬರೋಣ. ಮೊದಲನೆಯ ಆಕ್ಷೇಪಕ್ಕೆ ಹಳೆಯ ಕಥೋಲಿಕ ಸಿದ್ಧಾಂತವೇ ಸಮಾಧಾನವನ್ನು ಹೇಳುವುದು. ಯಾಜಕದೀಕ್ಷೆಯ ಮುದ್ರೆಯು ಆತ್ಮದಲ್ಲಿ ಅಳಿಸಲಾರದುದೆಂದು ಅವರ ಮತ. ಯಾಜಕನಾದವನೂ ಧರ್ಮಾಧ್ಯಕ್ಷನಾದವನೂ ಸಾಯುವವರೆಗೂ ಹಾಗೆಯೇ. ಆದರೆ ಪೋಪ್ ಪದವಿಗೆ ಬೇರೆ ದೀಕ್ಷೆಯಿಲ್ಲ. ಅದು ಒಂದು ಅಧಿಕಾರ, ಒಂದು ಪೀಠ. ದೀಕ್ಷೆಯು ಮನುಷ್ಯನಿಗೆ ಅಂಟಿದುದು. ಅಧಿಕಾರವು ಪೀಠಕ್ಕೆ ಅಂಟಿದುದು. ಆದುದರಿಂದ ಬೆನೆಡಿಕ್ಟರು ಬಿಟ್ಟದ್ದು ಬಿಡಬಹುದಾದುದನ್ನು. ಬಿಡಲಾರದುದು ಅವರಲ್ಲಿಯೇ ಉಳಿಯಿತು. ಪೀಠವು ದೊಡ್ಡದು, ಕುಳಿತವನು ಸಣ್ಣವನೆಂಬ ಹಳೆಯ ತತ್ತ್ವವನ್ನು ಯಾರಾದರೂ ಆಚರಿಸಿ ತೋರಿಸಿದರೆ, ಸಂಪ್ರದಾಯವನ್ನು ಪ್ರೀತಿಸುವವರು ಸಂತೋಷಪಡತಕ್ಕದ್ದು.

ಎರಡನೆಯದಕ್ಕೆ ಬೆನೆಡಿಕ್ಟರೇ ಉತ್ತರವಿತ್ತರು. ಫೆಬ್ರವರಿ ೨೭ರಂದು ಕಡೆಯ ಸಾರ್ವಜನಿಕ ದರ್ಶನದಲ್ಲಿ, ತಾವು ಶಿಲುಬೆಯನ್ನು ಬಿಟ್ಟು ಹೋಗುತ್ತಿಲ್ಲವೆಂದೂ, ಬೇರೊಂದು ರೀತಿಯಲ್ಲಿ ಅದರ ಬಳಿಯಲ್ಲಿಯೇ ನಿಲ್ಲುವುದಾಗಿಯೂ ತಿಳಿಸಿದರು. ನಾವು ಇಷ್ಟನ್ನು ಸೇರಿಸುವೆವು. ನೋವನ್ನು ಸಹಿಸುವುದು ಒಂದು ಧರ್ಮ. ನಡೆಸಬೇಕಾದ ಕಾರ್ಯವನ್ನು ನಡೆಸುವುದು ಇನ್ನೊಂದು. ಯಜಮಾನನು ಮಲಗಿದಾಗ ಅಧಿಕಾರವು ಪರಿವಾರದವರ ಕೈಗೆ ಜಾರುವುದು ಲೋಕಸ್ವಭಾವ. ಪೋಪರ ರುಜುವಿನ ಕೆಳಗೆ ಪೋಪರಲ್ಲದವರ ಇಚ್ಛೆಯು ನಡೆಯುವುದು ಪೀಠಕ್ಕೆ ಗೌರವವಲ್ಲ. ಯೋವಾನ್ನ ಪೌಲರು ಮೊದಲನೆಯ ಧರ್ಮಕ್ಕೂ ಬೆನೆಡಿಕ್ಟರು ಎರಡನೆಯದಕ್ಕೂ ಸಾಕ್ಷಿಯಾದರು. ಇಬ್ಬರಲ್ಲಿ ಒಬ್ಬರನ್ನು ಹೊಗಳುವುದಕ್ಕಾಗಿ ಇನ್ನೊಬ್ಬರನ್ನು ಹಳಿಯಬೇಕಾದುದಿಲ್ಲ.

ಮೂರನೆಯ ಆಕ್ಷೇಪದ ಉತ್ತರವನ್ನು ಕಾಲವು ಕೊಟ್ಟಿದೆ, ಅರ್ಧಮಾತ್ರ. ೨೦೧೩ರ ಮಾರ್ಚ್ ೧೩ರಂದು ಆರಿಸಲ್ಪಟ್ಟ ಫ್ರಾನ್ಸಿಸರಿಗೆ ಪೀಠವನ್ನು ಬಿಡಿರೆಂಬ ಒತ್ತಾಯವು ಬಾರದಿರಲಿಲ್ಲ. ೨೦೧೮ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಹಿಂದೆ ಪೋಪರ ರಾಯಭಾರಿಯಾಗಿದ್ದ ಮಹಾಧರ್ಮಾಧ್ಯಕ್ಷ ವಿಗಾನೊ ಎಂಬುವರು ಬಹಿರಂಗ ಪತ್ರದಲ್ಲಿಯೇ ಹಾಗೆ ಕೇಳಿದರು. ತ್ಯಾಗದ ಬಾಗಿಲು ತೆರೆಯಿತೆಂದು ಮರುಗಿದ ಪಕ್ಷದವರಲ್ಲಿಯೇ ಕೆಲವರು ಆ ಬಾಗಿಲನ್ನು ತೋರಿಸಿ ಹೊರಡಿರೆಂದದ್ದು ವಿಧಿಯ ವಿಲಾಸ. ಫ್ರಾನ್ಸಿಸರು ಹೊರಡಲಿಲ್ಲ. ರೋಗದಿಂದ ಕಾರ್ಯಮಾಡಲಾರದ ಸ್ಥಿತಿ ಒದಗಿದರೆ ಬಳಸಲೆಂದು ಮೊದಲೇ ಒಂದು ತ್ಯಾಗಪತ್ರಕ್ಕೆ ರುಜು ಮಾಡಿಟ್ಟಿದ್ದರಾದರೂ, ಪೀಠತ್ಯಾಗವು ರೂಢಿಯಾಗಬಾರದೆಂದೇ ಹೇಳುತ್ತಿದ್ದರು. ೨೦೨೫ರ ಏಪ್ರಿಲ್ ೨೦ರಂದು ಪುನರುತ್ಥಾನದ ಹಬ್ಬದ ಆಶೀರ್ವಾದವನ್ನು ಕೊಟ್ಟು, ಮರುದಿನ ಬೆಳಗ್ಗೆ ಎಂಬತ್ತೆಂಟನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು. ಹೀಗೆ ಬಾಗಿಲು ತೆರೆದಿದ್ದರೂ ದೂಡುವವರ ಕೈಗೆ ಅದು ಸಿಕ್ಕಲಿಲ್ಲ. ಮುಂದೆಯೂ ಸಿಕ್ಕದೆಂದು ಹೇಳಲು ನಾವು ಜ್ಯೋತಿಷಿಗಳಲ್ಲ.

ಇವಲ್ಲದೆ ನಾಲ್ಕನೆಯ ಒಂದು ವಾದವುಂಟು. ಇದು ವ್ಯಾಕರಣಕ್ಕೆ ಸಂಬಂಧಿಸಿದುದು. ಮೂವತ್ತು ವರುಷಗಳಿಗೂ ಹೆಚ್ಚಾಗಿ ಹುಡುಗರಿಗೆ ವಿಭಕ್ತಿಪ್ರತ್ಯಯಗಳನ್ನು ಬಾಯಿಪಾಠಮಾಡಿಸಿದ ನಮಗೆ ಅದನ್ನು ಬಿಟ್ಟುಹೋಗಲು ಮನಸ್ಸಿಲ್ಲ. ಬೆನೆಡಿಕ್ಟರು ಓದಿದ ಲ್ಯಾಟಿನ್ ಘೋಷಣೆಯಲ್ಲಿ ‘ಮಿನಿಸ್ತೇರಿಯೋ’ ಎಂಬ ವಿಶೇಷ್ಯವು ಚತುರ್ಥಿಯಲ್ಲಿದ್ದು, ಅದರ ವಿಶೇಷಣವು ‘ಕೊಮ್ಮಿಸ್ಸೊ’ ಎಂದಿರತಕ್ಕಲ್ಲಿ ‘ಕೊಮ್ಮಿಸ್ಸುಮ್’ ಎಂದಾಗಿತ್ತು. ವಿಶೇಷಣವು ವಿಶೇಷ್ಯದ ಲಿಂಗವಚನವಿಭಕ್ತಿಗಳನ್ನು ಅನುಸರಿಸಬೇಕೆಂಬುದು ನಮ್ಮ ಮೊದಲನೆಯ ಪಾಠದ ಬಾಲಕನಿಗೂ ಗೊತ್ತು. ಇಟಲಿಯ ಪಂಡಿತರು ದೋಷವನ್ನು ಎತ್ತಿ ತೋರಿಸಿದರು. ತರುವಾಯ ಪಾಠವನ್ನು ತಿದ್ದಲಾಯಿತು. ಕೆಲವರು ಇಷ್ಟಕ್ಕೆ ನಿಲ್ಲದೆ, ಪದವಿಯನ್ನು ‘ಮುನುಸ್’ ಎನ್ನುವರು, ಸೇವೆಯನ್ನು ‘ಮಿನಿಸ್ತೇರಿಯುಮ್’ ಎನ್ನುವರು. ಶಾಸನಸೂತ್ರದಲ್ಲಿ ಮೊದಲನೆಯ ಪದವಿರುವಲ್ಲಿ ಬೆನೆಡಿಕ್ಟರು ಎರಡನೆಯದನ್ನು ಬಳಸಿರುವರು. ಆದಕಾರಣ ಸೇವೆಯನ್ನು ಬಿಟ್ಟರೇ ಹೊರತು ಪದವಿಯನ್ನು ಬಿಡಲಿಲ್ಲ, ಅವರು ಪೋಪರಾಗಿಯೇ ಉಳಿದರು, ಎಂದು ವಾದಿಸತೊಡಗಿದರು.

ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಶಾಸ್ತ್ರಕಾರರು ಆರು ಲಿಂಗಗಳನ್ನು ಹೇಳಿರುವರು. ಅವುಗಳಲ್ಲಿ ಮೊದಲನೆಯದು ಉಪಕ್ರಮೋಪಸಂಹಾರ. ಪ್ರಾರಂಭವೂ ಮುಕ್ತಾಯವೂ ಯಾವುದನ್ನು ಹೇಳುವುವೋ ಅದೇ ವಾಕ್ಯದ ಅರ್ಥ. ನಡುವಿನ ಒಂದು ಪದವನ್ನು ಹಿಡಿದು ಎಳೆಯತಕ್ಕದ್ದಲ್ಲ. ಆ ಘೋಷಣೆಯು ಪೇತ್ರನ ಪದವಿಯನ್ನು ನಿರ್ವಹಿಸಲು ಬಲ ಸಾಲದೆಂದು ಉಪಕ್ರಮಿಸಿ, ಪೀಠವು ಇಂಥ ದಿನ ಇಂಥ ಘಂಟೆಯಿಂದ ಶೂನ್ಯವಾಗುವುದು, ಹೊಸ ಪೋಪರನ್ನು ಆರಿಸಲು ಸಭೆ ಕೂಡತಕ್ಕದ್ದು ಎಂದು ಉಪಸಂಹರಿಸುವುದು. ಕುಳಿತವನು ಎದ್ದ ಹೊರತು ಪೀಠವು ಶೂನ್ಯವಾಗದು. ವಕ್ತೃವಿನ ಮಾತೂ ಇದಕ್ಕೆ ಅನುಕೂಲವಾಗಿಯೇ ಇದೆ: ೨೦೧೪ರಲ್ಲಿ ಒಬ್ಬ ಪತ್ರಿಕಾಕರ್ತನಿಗೆ ಬರೆದ ಕಾಗದದಲ್ಲಿ, ತಮ್ಮ ತ್ಯಾಗದ ಸಿಂಧುತ್ವದಲ್ಲಿ ಸಂಶಯಕ್ಕೆ ಎಡೆಯಿಲ್ಲವೆಂದು ಬೆನೆಡಿಕ್ಟರು ಸ್ಪಷ್ಟಪಡಿಸಿದರು. ಒಂದು ವಿಭಕ್ತಿಯು ತಪ್ಪಿದರೆ ಅಂಕಗಳನ್ನು ಕಳೆಯಬಹುದು. ಒಬ್ಬ ಪೋಪರನ್ನು ಕಳೆಯಲಾಗದು.

ಹೀಗೆ ಪೀಠತ್ಯಾಗವು ನ್ಯಾಯ್ಯವೆಂದೇ ನಮ್ಮ ಸಿದ್ಧಾಂತ. ಆದರೆ ಬಿಟ್ಟ ರೀತಿಯಲ್ಲಿ ವಿಚಾರಿಸತಕ್ಕದ್ದು ಇನ್ನೂ ಇದೆ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗವನ್ನು ಓದಿದವರಿಗೆ ನೆನಪಿರಬಹುದು: ರಘುಮಹಾರಾಜನು ರಾಜ್ಯವನ್ನು ಅಜನಿಗೆ ಒಪ್ಪಿಸಿ ಕಾಡಿಗೆ ಹೊರಡಲು, ಮಗನು ಕಾಲಿಗೆ ಬಿದ್ದು ಬೇಡಿದುದರಿಂದ, ಪಟ್ಟಣದ ಹೊರಗೇ ಆಶ್ರಮವನ್ನು ಮಾಡಿಕೊಂಡು ನಿಂತನು; ರಾಜ್ಯಲಕ್ಷ್ಮಿಯ ಕಡೆಗೆ ಮಾತ್ರ ಮತ್ತೆ ತಿರುಗಲಿಲ್ಲ. ಬೆನೆಡಿಕ್ಟರೂ ಮೊದಲು ಕಾಸ್ತೆಲ್ ಗಂದೋಲ್ಫೊ ಎಂಬ ಊರಿಗೆ ಹೋಗಿದ್ದು, ಮೇ ತಿಂಗಳಲ್ಲಿ ಹಿಂದಿರುಗಿ, ವ್ಯಾಟಿಕನ್ ಉದ್ಯಾನದೊಳಗಿನ ಒಂದು ಮಠದಲ್ಲಿ ವಾಸಮಾಡಿದರು. ರಘುವಿಗೆ ಇದ್ದ ಒಂದು ಸಮಾಧಾನವು ಇವರಿಗಿರಲಿಲ್ಲ. ರಘುವು ತಾನೇ ಬೆಳೆಸಿದ ಮಗನಿಗೆ ಒಪ್ಪಿಸಿದನು. ಪೋಪರಾದರೋ ತಮ್ಮ ಉತ್ತರಾಧಿಕಾರಿಯನ್ನು ತಾವು ಆರಿಸುವಂತಿಲ್ಲ. ಯಾರು ಬರುವರೆಂದು ತಿಳಿಯದಿರುವಾಗಲೇ, ಬರುವವರಿಗೆ ನಿರ್ಬಂಧವಿಲ್ಲದ ವಿಧೇಯತೆಯನ್ನು ಬೆನೆಡಿಕ್ಟರು ಕಡೆಯ ದಿನ ಕಾರ್ಡಿನಲರ ಮುಂದೆ ಮಾತುಕೊಟ್ಟರು. ಇದು ರಘುವಿನ ತ್ಯಾಗಕ್ಕಿಂತ ಕಠಿಣವಾದುದೆಂದು ನಮಗೆ ತೋರುತ್ತದೆ.

ಆದರೂ ಉಂಗುರಕ್ಕೆ ಗೀಟುಹಾಕಿ ಅದನ್ನು ಕೆಡಿಸಿದರೇ ಹೊರತು, ಬಿಳಿಯ ನಿಲುವಂಗಿಯು ಉಳಿಯಿತು; ಬೆನೆಡಿಕ್ಟ್ ಎಂಬ ಹೆಸರು ಉಳಿಯಿತು; ವಿಶ್ರಾಂತ ಪೋಪ್ ಎಂಬ ಹೊಸ ಬಿರುದೂ ಬಂದಿತು. ಒಂದೇ ಪ್ರಾಕಾರದಲ್ಲಿ ಬಿಳಿಯ ಉಡುಪಿನ ಇಬ್ಬರು ಕಾಣಿಸಿಕೊಂಡುದರಿಂದ ಸಾಮಾನ್ಯರಿಗೆ ಭ್ರಾಂತಿಯುಂಟಾಯಿತು. ೨೦೨೦ರ ಜನವರಿಯಲ್ಲಿ, ಯಾಜಕರ ಬ್ರಹ್ಮಚರ್ಯದ ವಿಷಯವನ್ನು ಫ್ರಾನ್ಸಿಸರು ಆಲೋಚಿಸುತ್ತಿದ್ದ ಸಮಯದಲ್ಲಿಯೇ, ಅದೇ ವಿಷಯವಾಗಿ ಕಾರ್ಡಿನಲ್ ಸಾರಾ ಅವರೊಡನೆ ಬೆನೆಡಿಕ್ಟರ ಹೆಸರಿನಲ್ಲಿಯೂ ಒಂದು ಪುಸ್ತಕವು ಹೊರಬಂದು ಕೋಲಾಹಲವಾಯಿತು. ಸಹಲೇಖಕರೆಂಬ ಸ್ಥಾನದಿಂದ ತಮ್ಮ ಹೆಸರನ್ನು ತೆಗೆಯಿರೆಂದು ಅವರು ಹೇಳಿಕಳುಹಿಸಬೇಕಾಯಿತು. ಅವರ ಮನಸ್ಸಿನಲ್ಲಿ ದ್ರೋಹವಿತ್ತೆಂದು ನಾವು ಎಣಿಸುವುದಿಲ್ಲ. ಆದರೆ ಬಿಟ್ಟವನ ನೆರಳು ಅಂಗಳದಲ್ಲಿ ಬಿದ್ದಿರುವವರೆಗೆ, ಅತೃಪ್ತರಾದವರೆಲ್ಲ ಆ ನೆರಳಿನಡಿಯಲ್ಲಿ ಸೇರುವರು. ಬೊನಿಫೇಸನು ಭಯಪಟ್ಟದ್ದು ಇದಕ್ಕೇ. ಅವನು ಕಂಡ ಉಪಾಯವು ಕ್ರೂರವಾದರೂ ಅವನ ಭಯವು ನಿರಾಧಾರವಾದುದಲ್ಲ. ಬೆನೆಡಿಕ್ಟರು ೨೦೨೨ರ ಡಿಸೆಂಬರ್ ೩೧ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ ಕಾಲವಾದರು. ಪೀಠದಲ್ಲಿ ಸುಮಾರು ಎಂಟು ವರುಷವಿದ್ದವರು, ಪೀಠದಿಂದಿಳಿದ ಮೇಲೆ ಹತ್ತಿರ ಹತ್ತಿರ ಹತ್ತು ವರುಷವಿದ್ದರು.

ಅಷ್ಟರಲ್ಲಿ ಸಂಪ್ರದಾಯನಿಷ್ಠರ ಭಯವು ನಿಜವಾಗಿತ್ತು. ೨೦೨೧ರ ಜುಲೈ ೧೬ರಂದು ಫ್ರಾನ್ಸಿಸರು ೨೦೦೭ರ ಅನುಗ್ರಹವನ್ನು ಹಿಂತೆಗೆದುಕೊಂಡರು. ಹಳೆಯ ವಿಧಿಯ ಪೂಜೆಗೆ ಧರ್ಮಾಧ್ಯಕ್ಷರ ಅನುಮತಿ ಬೇಕಾಯಿತು. ಊರಿನ ಸಾಮಾನ್ಯ ಇಗರ್ಜಿಗಳಲ್ಲಿ ಅದಕ್ಕೆ ಸ್ಥಳವಿಲ್ಲವಾಯಿತು. ಹೊಸದಾಗಿ ದೀಕ್ಷೆ ಪಡೆದ ಯಾಜಕರ ವಿಷಯದಲ್ಲಿ ರೋಮಿನವರೆಗೆ ಕೇಳಬೇಕಾಯಿತು. ಐಕ್ಯಕ್ಕಾಗಿ ಕೊಟ್ಟ ಅನುಮತಿಯನ್ನು ಭೇದವನ್ನು ಬೆಳೆಸಲು ಉಪಯೋಗಿಸಿಕೊಂಡರೆಂಬುದು ಅವರು ಹೇಳಿದ ಕಾರಣ. ಆ ದೋಷವು ಕೆಲವರಲ್ಲಿತ್ತೆಂಬುದು ನಿಜ. ದೋಷವಿಲ್ಲದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರೂ ಅವರೊಡನೆಯೇ ದಂಡಿತರಾದರೆಂಬುದೂ ನಿಜ. ನಾವು ಇದರಿಂದ ಕಲಿಯತಕ್ಕ ಪಾಠವು ಒಂದುಂಟು. ಒಬ್ಬ ದೊರೆಯ ಅನುಗ್ರಹದಿಂದ ಬಂದುದು ಇನ್ನೊಬ್ಬ ದೊರೆಯ ಆಗ್ರಹದಿಂದ ಹೋಗಬಹುದು. ೧೮೭೦ರ ಮಹಾಸಭೆಯು ಪೋಪರ ಅಧಿಕಾರವನ್ನು ಎತ್ತಿಹಿಡಿದಾಗ ಹರ್ಷಿಸಿದವರ ಪೀಳಿಗೆಯವರೇ, ಅದೇ ಅಧಿಕಾರದಿಂದ ತಮ್ಮ ಪ್ರಿಯವಸ್ತುವು ಹೋದಾಗ ದಿಗ್ಭ್ರಾಂತರಾದರು. ಸಂಪ್ರದಾಯವು ಮೇಲಿನ ಅಪ್ಪಣೆಯ ಮೇಲೆಯೇ ನಿಂತಿದ್ದರೆ ಅದರ ಬೇರು ಆಳವಾದುದಲ್ಲ.

ಹಾಗಾದರೆ ಬೇರು ಎಲ್ಲಿ? ನಮ್ಮ ಕರಾವಳಿಯ ಕಥೋಲಿಕ ಮನೆಗಳನ್ನು ಬಲ್ಲವರಿಗೆ ಇದರ ಉತ್ತರವು ಗೊತ್ತು. ೧೯೬೦ರ ದಶಕದಿಂದೀಚೆಗೆ ಅವರ ಇಗರ್ಜಿಗಳಲ್ಲಿ ಲ್ಯಾಟಿನ್ನು ಸರಿದು ಕೊಂಕಣಿಯೂ ಕನ್ನಡವೂ ಬಂದುವು. ಹಿರಿಯರಿಗೆ ಅದು ನಷ್ಟವಾಗಿ ತೋರಿರಬಹುದು. ಅರ್ಥವರಿಯದ ಪಾರಾಯಣವನ್ನು ನಿರುಕ್ತಕಾರರೂ ಮೆಚ್ಚಿದವರಲ್ಲವಾದುದರಿಂದ, ಮಕ್ಕಳಿಗೆ ಲಾಭವಾಯಿತೆಂದೂ ಹೇಳಬೇಕು. ಆದರೆ ಸಂಜೆ ಮನೆಮಂದಿಯೆಲ್ಲ ದೇವರ ಪೀಠದ ಮುಂದೆ ಕುಳಿತು ಹೇಳುವ ತೇರ್ಸು ಎಂಬ ಜಪಸರದ ಪ್ರಾರ್ಥನೆಯೂ, ಸೆಪ್ಟೆಂಬರ್ ೮ರಂದು ಮಾತೆ ಮರಿ‌ಯಮ್ಮನ ಹಬ್ಬಕ್ಕೆ ಹೊಸ ಬತ್ತದ ತೆನೆಯನ್ನು ತಂದು ಮನೆಯವರೆಲ್ಲ ಹಂಚಿಕೊಂಡು ಉಣ್ಣುವ ಆಚಾರವೂ ರೋಮಿನ ಯಾವ ಆಜ್ಞೆಯಿಂದಲೂ ಬಂದುವಲ್ಲ. ಯಾವ ಆಜ್ಞೆಯಿಂದಲೂ ಹೋಗತಕ್ಕುವಲ್ಲ. ಅವನ್ನು ಕಾಯುವವರು ಮನೆಯ ಅಜ್ಜಿಯರು. ಸಂಪ್ರದಾಯಕ್ಕಾಗಿ ದುಃಖಿಸುವವರು ಮೊದಲು ತಮ್ಮ ಮನೆಯ ದೀಪಕ್ಕೆ ಎಣ್ಣೆಯಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುವೆವು. ಕಥೋಲಿಕರ ಪೂಜೆಯ ಮಧ್ಯದಲ್ಲಿ, ಮಹಾನಗರದ ದೇವಾಲಯವಾಗಲಿ, ನಮ್ಮ ಹಳ್ಳಿಯ ಹೆಂಚಿನ ಇಗರ್ಜಿಯಾಗಲಿ, ಪೋಪರ ಹೆಸರನ್ನು ಹೇಳಿ ಅವರಿಗಾಗಿ ಪ್ರಾರ್ಥಿಸುವುದುಂಟು. ಪೀಠವು ಬರಿದಾಗಿರುವಾಗ ಆ ಹೆಸರನ್ನು ಹೇಳದೆ ಮುಂದಕ್ಕೆ ಹೋಗುವರು. ೨೦೧೩ರ ಫೆಬ್ರವರಿ ೨೮ರ ರಾತ್ರಿಯಿಂದ ಮಾರ್ಚ್ ೧೩ರ ಸಂಜೆಯವರೆಗೆ, ಆ ಹೆಸರಿನ ವ್ಯಕ್ತಿಯು ಬದುಕಿರುವಾಗಲೇ, ಲೋಕದ ಸಮಸ್ತ ಇಗರ್ಜಿಗಳಲ್ಲಿಯೂ ಅವರ ಹೆಸರು ನಿಂತಿತು. ತನ್ನ ಹೆಸರಿಲ್ಲದೆ ಪೂಜೆಯು ನಡೆಯುವುದನ್ನು ಬದುಕಿರುವಾಗಲೇ ಕೇಳುವ ಧೈರ್ಯವು ಎಷ್ಟು ಮಂದಿಗೆ ಇರುವುದು? ಬೆನೆಡಿಕ್ಟರು ತಮ್ಮ ಮಠದಲ್ಲಿ ಪೂಜೆಯನ್ನರ್ಪಿಸುವಾಗ ಮುಂದಿನವರ ಹೆಸರನ್ನು ತಾವೇ ಹೇಳಬೇಕಾಗಿತ್ತು. ೨೦೨೫ರ ಮೇ ೮ರಂದು ಹದಿನಾಲ್ಕನೆಯ ಲಿಯೋ ಅವರ ಆಯ್ಕೆಯಾಗಿ, ಈಗ ಆ ಸ್ಥಳದಲ್ಲಿ ಮೂರನೆಯ ಹೆಸರು ಬಂದಿದೆ. ಪೂಜೆಯು ನಡೆದೇ ಇದೆ.

ನಮ್ಮ ವಾಚಕರಲ್ಲಿ ಪೋಪರಾಗುವವರು ಯಾರೂ ಇಲ್ಲ. ಆದರೆ ಮನೆ, ಅಂಗಡಿ, ಜಮೀನು, ಶಾಲೆ, ಸಂಘ, ಇವುಗಳಲ್ಲಿ ಯಾವುದಾದರೊಂದರ ಪೀಠದಲ್ಲಿ ಕುಳಿತವರು ಬಹು ಮಂದಿ. ಅವರಿಗೆ ಈ ವೃತ್ತಾಂತದಿಂದ ಸಿಕ್ಕುವ ವಿಧಿಯು ಇಷ್ಟು. ಕೈಯಲ್ಲಿ ಬಲವಿಲ್ಲವೆಂದು ಪರರು ಹೇಳುವ ಮೊದಲು ತಾವು ತಿಳಿಯತಕ್ಕದ್ದು. ಬಿಟ್ಟರೆ ಪೂರ್ತಿಯಾಗಿ ಬಿಡತಕ್ಕದ್ದು, ಬೀಗದ ಕೈಯನ್ನು ಕೊಟ್ಟು ಗೊಂಚಲನ್ನು ಸೊಂಟದಲ್ಲಿ ಉಳಿಸಿಕೊಳ್ಳತಕ್ಕದ್ದಲ್ಲ. ಮುಂದಿನವರು ಬೇರೆ ರೀತಿಯಲ್ಲಿ ನಡೆಸಿದರೆ, ಕೇಳಿದಾಗ ಮಾತ್ರ ಮಾತನಾಡತಕ್ಕದ್ದು. ಕಿರಿಯರಿಗೂ ಒಂದು ಮಾತುಂಟು: ಹಿರಿಯರ ತ್ಯಾಗವು ಅವರು ಕೊಡುವ ದಾನವೇ ಹೊರತು ನಮಗೆ ಸಲ್ಲಬೇಕಾದ ಸಾಲವಲ್ಲ, ಆದುದರಿಂದ ಅದನ್ನು ವಸೂಲು ಮಾಡಲು ಹೋಗತಕ್ಕದ್ದಲ್ಲ. ಇಳಿದು ಬಂದವರ ಊಟಕ್ಕೆ ಎಲೆಯನ್ನು ಮೊದಲಿನ ಸ್ಥಳದಲ್ಲಿಯೇ ಹಾಕುವ ಸೌಜನ್ಯವು ಪ್ರತಿ ಮನೆಯಲ್ಲಿಯೂ ಉಳಿಯಲೆಂದು ನಾವು ಹಾರೈಸುವೆವು.